ತಟ್ಟುವಾಗ ಆಡಿದ ಮಾತು

…ಇಲ್ಲ ತಂಗಿ, ನಾ ಹೇಳಿಲ್ಲ. ಇನ್ನೊಮ್ಮೆ ಕೇಳು, ಇನ್ನೊಮ್ಮೆ ಅದನ್ನ ಹೇಳ್ತೀನಿ. ಯಾವ ಮನಷ್ಯಾರ ಮುಂದೂ ನಾ ಬಾಯಿ ಬಿಟ್ಟಿಲ್ಲ. ಮೊದಲ ಕೂಡು. ನಿಂತಕೊಂಡು ಹಂಗ ನೋಡಬ್ಯಾಡ. ನಿನ್ನ ತವರೂರು ದಡ್ಡಿಯಿಂದ ಹುಕ್ಕೇರಿ, ಹುಕ್ಕೇರಿಯಿಂದ ಘಟಪ್ರಭಾ, ಬಸ್ಸು ಬದಲ ಮಾಡಿಕೋತ ಬಂದೀ, ಮಾರಿ ಇಷ್ಟ ಆಗೇತಿ. ಚೀಲಾ ಇಲ್ಲೆ ಇಡು. ಹಾಂ, ಆ ಖುರ್ಚಿ ಮ್ಯಾಲ. ಅದು ನಿನ್ನ ಖುರ್ಚಿ. ಏಳು ತಿಂಗಳು, ಮಂಗಳವಾರಕ್ಕೊಮ್ಮೆ, ಅದರ ಮ್ಯಾಲನ ಕುಂತೀ. ಈಗ ಯಾಕ ಗುರ್ತ ಇಲ್ಲದವರ ಮನಿಗಿ ಬಂದಂಗ ಮಾಡ್ತೀ?

ನೀರು ತಗೊ… ಬ್ಯಾಡ? ಇರಲಿ, ತಂಬಿಗಿ ಅಲ್ಲೇ ಇಡ್ತೀನಿ. ಬೇಕನಿಸಿದಾಗ ಕುಡಿ.

ಬಾಗಲದಾಗ ನಿಂತು, ಗಂಡ ಅಂದದ್ದ ಹೇಳಿ, ಒಂದ ಮಾತು ಕೇಳಿದಿ. 'ಅವರಿಗಿ ಯಾರ ಹೇಳಿದ್ರು, ಅಕ್ಕಾರ?' ಅಂತ. ಅಷ್ಟ ಕೇಳಿ ಬಾಯಿ ಮುಚ್ಚಿಕೊಂಡಿ. ಅವರು ಅಂದ್ರ ನಿನ್ನ ಗಂಡ, ಈಶ್ವರ. ಅಂವ ನಿನ್ನ ತವರಮನಿಗಿ ಬಿಟ್ಟ ಬಂದು ಹದಿನೈದು ದಿನ ಆತು ಅನ್ನೂದು ನನಗ ನಿನ್ನೆ ಗೊತ್ತಾತು. ನಿನ್ನ ಗಂಡನೂರು ಮೂಡಲಗಿಗೇ ಕೊಟ್ಟೇವಲ್ಲ, ನನ್ನ ಮಗಳು ಶುಭಾಂಗಿ, ಅಕಿ ಫೋನ್ ಮಾಡಿ ಹೇಳಿದ್ಲು. ನಿನ್ನ ಮಗಳನ್ನ ಅಲ್ಲೇ ಇಟ್ಟುಕೊಂಡಾರಂತ, ಸಾಲಿ ತಪ್ಪತೈತಿ ಅಂತ. ಸೋಮವಾರ ನಿನ್ನ ಮಾವನ ತಮ್ಮ ಮಾಲಿಂಗಪ್ಪ ಕಾಕಾ ಎಲ್ಲಾರನ್ನೂ ಕೂಡಿಸಿ, ನಿನ್ನ ಮತ್ತ ಮನಿಯೊಳಗ ಕರಕೊಳ್ಳೂದೋ ಬಿಡೂದೋ ಅಂತ ತೀರ್ಮಾನ ಮಾಡ್ತಾರಂತ. ಶುಭಾಂಗಿ ಇಷ್ಟ ಹೇಳಿದ್ಲು. ಯಾಕ ಬಿಟ್ಟ ಬಂದಾನ ಅನ್ನೂದು ಅಕಿಗಿ ಗೊತ್ತಿಲ್ಲ. ನನಗೂ ಗೊತ್ತಿರಲಿಲ್ಲ. ಅಂದ್ರ, ಈಗ ನೀ ಹೇಳಿದ ಮ್ಯಾಲ ಗೊತ್ತಾತು.

'ಕೇಳಿಸಿದ್ರೂ ಏಳಲಿಲ್ಲಂತ?' ಅಂದನಂತಲ್ಲ ಈಶ್ವರ. ಅಷ್ಟ ಅಂದು, ನಿನ್ನ ಸೀರಿ ಚೀಲಕ್ಕ ತುಂಬಿದನಂತ.

'ನನಗ ಗೊತ್ತಿದ್ದದ್ದನ್ನ ನನಗ ಯಾಕ ಹೇಳ್ತೀರಿ' ಅಂತ ನೋಡಾಕತ್ತೀಯಲ್ಲ? ನನ್ನ ಚಾಳಿ ಅದು, ನಿನಗ ಗೊತ್ತಿಲ್ಲೇನು. ಎಲ್ಲಾ ಬುಡದಿಂದ ಹೇಳಬೇಕು ನನಗ. ನಮ್ಮನಿಯವರು ಅಂತಾರ, ಒಂದ ಕಪ್ಪ ಚಹಾ ಕೊಡಬೇಕಾದ್ರ ಇಕಿ ಎಮ್ಮಿ ಎಲ್ಲೆ ಹುಟ್ಟಿತ್ತು ಅನ್ನೂದರಿಂದ ಸುರು ಮಾಡ್ತಾಳ ಅಂತ.

ಯಾರ ಹೇಳಿರಬೇಕು ಅಂತ ನಾನೂ ವಿಚಾರ ಮಾಡಾಕತ್ತೇನಿ. ನೋಡು, ಈ ಗ್ವಾಡಿ ಐತೆಲ್ಲ, ಇದರ ಆಚಿ ಕಡೆ ಹೊಳೆಪ್ಪನ ಸೈಕಲ್ ಅಂಗಡಿ. ಒಂದ ಇಟ್ಟಂಗಿ ಗ್ವಾಡಿ. ಅವನ ಸುತ್ತಿಗಿ ಸಪ್ಪಳ ನಮಗ ಕೇಳತೈತಿ ಅಂದ ಮ್ಯಾಲ ನಮ್ಮ ಮಾತು ಅವನಿಗಿ ಕೇಳಂಗಿಲ್ಲೇನು? ಅವನ ಹೆಂಡತಿ ತವರಮನಿ ಮೂಡಲಗಿ ಕಡೇದು… ತಲಿ ಅಲ್ಲಾಡಸಬ್ಯಾಡ. ಹೌದು, ಹೊಳೆಪ್ಪನ ಕಿವಿ ಮಂದ. ಮಾರಿ ಮುಂದ ನಿಂತು ಒದರಿದ್ರನ ಅವಗ ಅರ್ಧ ತಿಳಿಯೂದು. ಆತು, ಹೊಳೆಪ್ಪನ್ನ ಬಿಡು.

ಹಂಗಾರ ನಮ್ಮನಿಯವರು. ನೀ ಬಂದಾಗೆಲ್ಲಾ ಕಟ್ಟೀ ಮ್ಯಾಲ ಪೇಪರ್ ಹಿಡಕೊಂಡು ಕುಂತಿರತಿದ್ರು. ಗಂಡಸರು ಪೇಪರ್ ಓದ್ತಾರ ಅಂತ ನಾವು ತಿಳಕೊಳ್ತೀವಿ, ಕಿವಿ ಎಲ್ಲೆ ಇರತಾವೋ ಯಾರಿಗಿ ಗೊತ್ತು. ಆದರ ಖರೆ ಹೇಳಬೇಕಂದ್ರ, ಅವರಿಗಿ ನನ್ನ ಈ ತಟ್ಟೂ ವೈದ್ಯದ ಮ್ಯಾಲ ನಂಬಿಕೀನ ಇಲ್ಲ. ರೊಟ್ಟಿ ಬಡಿಯೂದ ಬಿಟ್ಟು ಮಂದಿ ಮಾರಿ ಬಡಿಯಾಕ ನಿಂತಾಳ ಅಂತ ಬೀಗರ ಮುಂದ ನಗಸ್ತಾರ. ಮೊದಲ ಸಲ ಆ ಮಾತು ನಿನಗ ಹೇಳಿದಾಗ ಎಷ್ಟ ನಕ್ಕಿದ್ದಿ, ನೆನಪೈತಿ? ಸೆರಗು ಬಾಯಿಗಿ ಹಿಡಕೊಂಡು. ಇವತ್ತ ನಗು ಬರಂಗಿಲ್ಲ, ಗೊತ್ತೈತಿ.

ನೀನ ನಿದ್ದಿಗಣ್ಣಾಗ ಅಂದಿದ್ರ? ಮಂದಿ ನಿದ್ದ್ಯಾಗ ಮಾತಾಡ್ತಾರ, ತಂಗಿ. ಬಾಜೂ ಮಲಗಿದ ಗಂಡ ಕೇಳಿದ್ರ…

ಹಂಗ ನೋಡಬ್ಯಾಡ. ನಾ ಬರೇ ವಿಚಾರ ಮಾಡಿ ಹೇಳಿದೆ.

ಆತು, ನೀ ಏನ ಹೇಳಬೇಕಂತ ಮಾಡೀದಿ ಅನ್ನೂದು ನನಗ ತಿಳೀತೈತಿ. ಆ ಎರಡ ಮಾತು ಈ ಕೋಣ್ಯಾಗ ಹುಟ್ಟಿದ್ದು. 'ಕೇಳಿಸಿದ್ರೂ ಏಳಲಿಲ್ಲ.' ಹೊರಗ ಯಾರೂ ಆ ಮಾತು ಆ ರೀತಿ ಆಡಂಗಿಲ್ಲ. ನಾನ ಸಣ್ಣದು ಮಾಡಿ ನಿನಗ ಕೊಟ್ಟಿದ್ದು. ಅದಕ್ಕ ನೀ ಸೀದಾ ಇಲ್ಲಿಗಿ ಬಂದೀ.

ಸಣ್ಣದು ಯಾಕ ಮಾಡಿದೆ ಅನ್ನೂದು ತಿಳೀಬೇಕಂದ್ರ ಪದ್ಧತಿ ತಿಳೀಬೇಕು. ನಿನಗ ಗೊತ್ತೈತಿ, ಆದರೂ ಕೇಳು. ನಮ್ಮವ್ವ ತೀರಿಕೊಂಡ ಮ್ಯಾಲ ನನಗ ಎದಿ ಹೊಡಕೊಳ್ಳೂದು ಹತ್ತಿತ್ತು. ಆವಾಗ ಸಾಂಗ್ಲಿಯೊಳಗ ಮೂರು ದಿವಸದ ಶಿಬಿರ ಐತಿ ಅಂತ ನಮ್ಮ ಅಕ್ಕ ಕರಕೊಂಡ ಹೋಗಿದ್ಲು. ಇಲ್ಲಿಂದ ಮಿರಜಿಗಿ ರೈಲು, ಮುಂದ ಟೆಂಪೊ. ಪುಣೆಯಿಂದ ಒಬ್ಬಾಕಿ ಬಾಯಿ ಬಂದಿದ್ರು, ಕಲಿಸೂದೆಲ್ಲಾ ಮರಾಠಿಯೊಳಗ. ಅಕಿ ಗ್ವಾಡಿಗಿ ಹಾಕಿದ್ದ ಚಿತ್ರನ ಇಲ್ಲೇ ನೀ ನೋಡೂದು. ಈ ಚೀನಾದ ಮನಷ್ಯಾ, ಮೈತುಂಬ ಗೆರಿ. ನೀ ಮೊದಲನೇ ದಿನ ಇದನ್ನ ನೋಡಿ, ಇವಗೇನ ಆಗೇತಿ ಅಕ್ಕಾರ, ಸುಟ್ಟಕೊಂಡಾನೇನು ಅಂತ ಕೇಳಿದ್ದಿ.

ಚೀನಾದಾಗ ಎರಡ ಸಾವಿರ ವರ್ಷದ ಹಿಂದ ವೈದ್ಯರು ಅಂದ್ರಂತ, ಮೈಯಾಗ ದಾರಿ ಅದಾವು ಅಂತ. ರಕ್ತದ ದಾರಿ ಅಲ್ಲ, ನರದ್ದೂ ಅಲ್ಲ. ಜೀವಶಕ್ತಿ ಹರಿಯೂ ದಾರಿ. ಅವರು ಚೀ ಅಂತಾರ, ನಾವು ಪ್ರಾಣ ಅಂತೀವಿ. ನಾ ಇಲ್ಲಿ ಮಂದಿಗಿ ಹೆಂಗ ತಿಳಿಸಿ ಹೇಳ್ತೀನಿ ಅಂದ್ರ, ನಮ್ಮ ಟೇಶನ್ನಿಗಿ ಬರೂ ರೈಲಿನ ಹಳಿ ಇದ್ದಂಗ. ಒಂದೊಂದು ಗೆರಿ ಒಂದೊಂದು ಹಳಿ, ಚುಕ್ಕಿ ಅಂದ್ರ ಟೇಶನ್. ಎಲ್ಲೋ ಒಂದ ಕಡೆ ಸಿಗ್ನಲ್ ಬೀಳಲಿಲ್ಲ ಅಂದ್ರ ಗಾಡಿ ಹೊರಗನ ನಿಲ್ತೈತಿ. ಚೀನಾದವರು ಅಲ್ಲೆ ಸೂಜಿ ಚುಚ್ಚಿ ಸಿಗ್ನಲ್ ಬೀಳಸ್ತಾರ. ಮುಂದ ಅಮೇರಿಕಾದ ಕಡೆ ಮಂದಿ, ಸೂಜಿ ಬ್ಯಾಡ, ಬೆರಳಲೆ ತಟ್ಟಿದ್ರ ಸಾಕು, ಮನಸಿನ ದುಃಖಕ್ಕೂ ಅದ ಹಳಿ ಅಂದ್ರು. ಹುಬ್ಬಿನ ಒಳತುದಿ, ಕಣ್ಣಿನ ಬಾಜೂ, ಕಣ್ಣಿನ ಕೆಳಗ, ಮೂಗಿನ ಕೆಳಗ, ಗದ್ದ, ಕೊಳ್ಳಿನ ಎಲುಬು, ಕಂಕಳದ ಕೆಳಗ, ನಡುನೆತ್ತಿ. ಸುರು ಮಾಡೂದು ಮಾತ್ರ ಅಂಗೈ ಅಂಚಿನಿಂದ, ಕಿರಿಬೆರಳಿನ ಕೆಳಗಿನ ದಪ್ಪ ಜಾಗಾ. ಹುಬ್ಬಿನ ಚುಕ್ಕಿ ಮೂತ್ರದ ಚೀಲದ ಹಳಿ ಮ್ಯಾಲ ಬರತೈತಿ ಅಂತ ಹೇಳಿದಾಗ ನೀ ಮತ್ತ ನಕ್ಕಿದ್ದಿ.

ಎಷ್ಟ ಜೋರ ತಟ್ಟಬೇಕು ಅಂತ ಕೇಳಿದ್ದಿ. ರೊಟ್ಟಿ ಬಡಿದಂಗ ಅಲ್ಲ, ಜರಡಿ ಹಿಡದಾಗ ಬಾಜೂಕ ತಟ್ತೀವಲ್ಲ, ಹಿಟ್ಟ ಇಳೀಲಿ ಅಂತ, ಹಂಗ ಅಂದಿದ್ದೆ. ಆಮ್ಯಾಲ ನಿನ್ನ ಕೈ ಸರಿ ಕುಂತಿತ್ತು.

ಆದರ ಬರೇ ತಟ್ಟಿದ್ರ ಆಗಂಗಿಲ್ಲ. ತಟ್ಟಿಕೋತ ಬಾಯಿಬಿಟ್ಟು ಹೇಳಬೇಕು. ಎಲ್ಲೆ ನೋವೈತೋ ಅದನ್ನ, ಸುತ್ತಬಳಸಿ ಅಲ್ಲ, ಇದ್ದದ್ದು ಇದ್ದಂಗ. ಮನಸಿನ್ಯಾಗ ಅಂದ್ರ ಲೆಕ್ಕಕ್ಕಿಲ್ಲ, ಕಿವಿಗಿ ಬೀಳಬೇಕು. ಮೊದಲ ಪೂರ್ತಿ ವಾಕ್ಯ. ಕಡೀಕ 'ಆದರೂ ನಾ ನನ್ನ ಪೂರ್ತಿ ಒಪ್ಪಿಕೊಳ್ತೀನಿ' ಅನ್ನಬೇಕು. ಅದು ಆದ ಮ್ಯಾಲ ಚುಕ್ಕಿ ಚುಕ್ಕಿಗಿ ಅಷ್ಟುದ್ದದ ವಾಕ್ಯ ಅನ್ನಾಕಾಗಂಗಿಲ್ಲ, ಉಸರು ಸಾಲಂಗಿಲ್ಲ. ಅದಕ್ಕ ಅದನ್ನ ಎರಡ ಮಾತಿಗಿ ಇಳಸಬೇಕು. ನೆನಪಿನ ಗೂಟ ಇದ್ದಂಗ. ಇದು ನನ್ನ ಕಾಯ್ದೆ ಅಲ್ಲ, ಪದ್ಧತಿ.

ನಿನ್ನ ವಾಕ್ಯ ನಾ ಮರ್ತಿಲ್ಲ. ಮೂರು ತಿಂಗಳು ನೀ ಅದನ್ನ ಹೇಳಲೇ ಇಲ್ಲ. ಗಂಟಲ ಕಟ್ಟತೈತಿ, ನೀರ ಇಳಿಯಂಗಿಲ್ಲ, ಯಾರರ ನನ್ನ ಹೆಸರ ಹಿಡದು ಕರದ್ರ ಉಸರ ಸಿಗಂಗಿಲ್ಲ, ಇಷ್ಟ ಅಂತಿದ್ದಿ. ಡಾಕ್ಟರು ಗಂಟಲಾಗ ದೀಪ ಹಾಕಿ ನೋಡಿ, ಏನೂ ಇಲ್ಲ ಅಂದಿದ್ರು. ಚಮಚಲೆ ನೀರ ಕುಡಿಯಾಕಿ ನೀ. ನಾ ಕಣ್ಣಿನ ಕೆಳಗ ತಟ್ಟಿದೆ, ಕೊಳ್ಳಿನ ಎಲುಬಿಗಿ ತಟ್ಟಿದೆ, ಏನೂ ಆಗಲಿಲ್ಲ. ಒಂದ ಮಂಗಳವಾರ, ಕಂಕಳದ ಕೆಳಗ ಕೈ ಇಟ್ಟಾಗ ನೀ ಒಮ್ಮೆಲೆ ಹೇಳಿದಿ. ನಿನ್ನ ಅತ್ತಿ ಚನ್ನವ್ವನ ವಿಷಯ. ಎರಡೂವರಿ ವರ್ಷ ಲಕ್ವಾ ಹೊಡದು ಹಾಸಿಗಿ ಹಿಡದಿದ್ಲು, ನೀನ ಎಲ್ಲಾ ಮಾಡಿದಿ. ಕಡೀ ಮೂರ ರಾತ್ರಿ ನೀ ಕಣ್ಣಿಗಿ ಕಣ್ಣ ಹಚ್ಚಿರಲಿಲ್ಲ. ನಾಕನೇ ದಿನ ಮಧ್ಯಾಹ್ನ ಹಿತ್ತಲದಾಗ, ಜ್ವಾಳದ ಕಣಕಿ ಗೂಡಿನ ನೆರಳಿಗಿ ಒರಗಿದ್ದಿ. ಅಕಿ ಒಳಗಿಂದ ನೀರ ಕೇಳಿದ್ಲು. ರಾಜೇಶ್ವರಿ, ಅಂತ ಎರಡ ಸಲ ಕರದ್ಲು. ನಿನಗ ಕೇಳಿಸ್ತು. ಕರೀಲಿ ಇಷ್ಟೊತ್ತು, ಅನಿಸ್ತು. ಎದ್ದು ಹೋಗೂದರಾಗ ಅಕಿದು ಮುಗದಿತ್ತು.

ಹೇಳಿ ನೀ ನನ್ನ ತೊಡಿ ಮ್ಯಾಲ ತಲಿ ಇಟ್ಟು ಅತ್ತಿ. ನಾ ಕೈ ಹಿಡದು ವಾಕ್ಯ ಮಾಡಿಸಿದೆ: 'ಮೂರು ರಾತ್ರಿ ನಿದ್ದಿ ಇಲ್ಲದ ಮೈ ಎತ್ತಲಾರದಕ್ಕ, ಅತ್ತಿ ನೀರ ಕೇಳಿದ್ದು ಕೇಳಿಸಿದ್ರೂ ನಾ ಏಳಲಿಲ್ಲ. ಆದರೂ ನಾ ನನ್ನ ಪೂರ್ತಿ ಒಪ್ಪಿಕೊಳ್ತೀನಿ.' ಮುಂದ ಚುಕ್ಕಿಗಳಿಗಿ ಇಳಸಿದೆ: 'ಕೇಳಿಸಿದ್ರೂ ಏಳಲಿಲ್ಲ, ಕೇಳಿಸಿದ್ರೂ ಏಳಲಿಲ್ಲ.' ನಿದ್ದಿ ಹೋತು, ಮೂರು ರಾತ್ರಿ ಹೋತು, ಬರೇ ಎರಡ ಮಾತು ಉಳಿದುವು. ಅವತ್ತ ಅದು ತಪ್ಪು ಅನಿಸಲಿಲ್ಲ. ನಮಗಿಬ್ಬರಿಗೂ ಪೂರ್ತಿ ಗೊತ್ತಿತ್ತಲ್ಲ.

ಏಳು ಮಂಗಳವಾರ ಆದ ಮ್ಯಾಲ ನೀ ಇದ ತಂಬಿಗಿ ಎತ್ತಿ ಗಟಗಟ ಕುಡದಿ. ಗದ್ದಕ್ಕ ನೀರು ಸುರದು ಜಂಪರ ತೊಯ್ದಿತ್ತು. ನಾ ಒಳಗ ಹೋಗಿ ಬಸದಿ ಕಡೆ ಮಾರಿ ಮಾಡಿ ಕೈ ಮುಗದೆ. ನಾ ರೊಕ್ಕ ತಗೊಂಡಿಲ್ಲ, ನಿನಗ ಗೊತ್ತೈತಿ. ಒಂದ ಕಾಯಿ ಸೈತ ತರಬ್ಯಾಡ ಅಂದಿದ್ದೆ. ನನಗೇನ ಬೇಕಾಗಿತ್ತು… ಏನೂ ಬೇಕಾಗಿರಲಿಲ್ಲ.

ಅಲ್ಲ, ಒಂದ ಬೇಕಾಗಿತ್ತು. ಹೇಳೇ ಬಿಡ್ತೀನಿ. ನೀ ನಿನ್ನ ಮಾತು ಯಾರೋ ಹೊರಗ ಹಾಕಿದ್ರು ಅಂತ ಕೇಳಾಕ ಬಂದೀಯಲ್ಲ, ನಂದೂ ಒಂದ ಐತಿ ಕೇಳು. ಮೊದಲ ಮೋಸ ಯಾರ ಮಾಡಿದ್ರು ಅನ್ನೂದೂ ಬರಲಿ.

ಹುಕ್ಕೇರಿಯೊಳಗ ನಿಮ್ಮ ಸೋದರಮಾವನ ಹೊಸಾ ಮನಿ ವಾಸ್ತುಶಾಂತಿ. ನೀನ ಕರದಿದ್ದಿ ನನ್ನ. ಆ ಮನ್ಯಾಗ ನನಗಂತ ಉಳ್ಳಾಗಡ್ಡಿ ಬೆಳ್ಳೊಳ್ಳಿ ಹಾಕಲಾರದ ಪಲ್ಲೆ ಬ್ಯಾರೆ ತಗದಿಟ್ಟಿದ್ರು, ನಾವು ಜೈನರು ಅಂತ, ಅಷ್ಟ ಕಾಳಜಿ. ಪಂಕ್ತಿಯೊಳಗ ನಾ ಕುಂತೇನಿ, ನಿನ್ನ ಬೆನ್ನು ನನ್ನ ಕಡೆ. ನಾಕು ಮಂದಿ ಹೆಣ್ಣಮಕ್ಕಳು ನಿನ್ನ ಕೇಳಿದ್ರು, ಗಂಟಲಾ ಹೆಂಗ ನೆಟ್ಟಗಾತ ರಾಜೇಶ್ವರಿ ಅಂತ. ನನ್ನ ಕೈಯಾಗಿನ ತುತ್ತು ನಿಂತಿತು, ತಂಗಿ. ಈಗ ನನ್ನ ಹೆಸರ ಬರತೈತಿ ಅಂತ. ನೀ ಅಂದಿ, ಐದ ಸೋಮವಾರ ಮಠಕ್ಕ ನಡಕೊಂಡೆ, ಅಲ್ಲಿ ಬೂದಿ, ಅಂಗಾರ, ಗಂಟಲಿಗಿ ಹಚ್ಚಿಕೊಂಡೆ, ಇಳೀತು ಅಂತ.

ಅದೂ ಇರಲಿ. ದೇವರ ಹೆಸರ ಹೇಳಿದ್ಲು ಅಂತ ನುಂಗತಿದ್ದೆ. ಆಮ್ಯಾಲ ಒಬ್ಬಾಕಿ ನನ್ನ ಕಡೆ ನೋಡಿ, ಇವರ್ಯಾರವಾ ಅಂದ್ಲು. ನೀ ತಿರಗಿ ನೋಡಿದಿ. ನಾ ನಕ್ಕೆ ಸೈತ. ನೀ ಏನಂದಿ?

'ಇವರು ಘಟಪ್ರಭಾದಾಗ ಜಂಪರ ಹೊಲಿಯೂ ಬಾಯಿ.'

ಜಂಪರ ಹೊಲಿಯೂ ಬಾಯಿ. ನನಗ ಗುಂಡಿ ಹಚ್ಚಾಕ ಸೈತ ಬರಂಗಿಲ್ಲ. ಮುಂದ ಆ ಮಂದಿ ಅಲ್ಲೇ ನನಗ, ತೋಳಿಗಿ ಎಷ್ಟ ಅರಿವಿ ಬೇಕ್ರಿ, ಕಟೋರಿ ಜಂಪರ ಹೊಲೀತೀರೇನ್ರಿ ಅಂತ ಕೇಳಾಕ ಹತ್ತಿದ್ರು. ನಾನೂ ಹೂಂ ಅಂದೆ. ನಿನ್ನ ಮಾನ ಉಳಸಾಕ ಹೂಂ ಅಂದೆ. ನೀ ಯಾಕ ಹಂಗಂದಿ ಅನ್ನೂದು ನನಗ ತಿಳದಿತ್ತು. ತಟ್ಟೂ ಬಾಯಿ ಅಂದ್ರ, ತಟ್ಟೂ ಮುಂದ ಏನ ಹೇಳಿದಿ ಅಂತ ಕೇಳ್ತಾರ. ಗಂಡನ ಕಿವಿಗಿ ಹೋಗತೈತಿ. ಅದಕ್ಕ ಸುರುವಿನಿಂದನೂ ಮನ್ಯಾಗ, ಜಂಪರ ಹೊಲಿಯಾಕ ಕೊಟ್ಟ ಬರ್ತೀನಿ ಅಂತ ಹೇಳಿ ಬರತಿದ್ದಿ. ಎಲ್ಲಾ ತಿಳೀತು. ತಿಳಿದ್ರ ಚುಚ್ಚಂಗಿಲ್ಲೇನು? ಬಸ್ಸಿನ್ಯಾಗ ಬರತ ನಾ ಕಣ್ಣಿನ ಕೆಳಗ ನನಗ ನಾನ ತಟ್ಟಿಕೋತ ಬಂದೆ. ಕಂಡಕ್ಟರ ನೋಡಿ, ಹಲ್ಲ ನೋಯ್ಸಾಕತ್ತಾವೇನ್ರಿ ಅಂದ.

ಈಗಾದ್ರೂ ಒಂದ ಮಾತ ಆಡು. ತಪ್ಪಾತು ಅನಬ್ಯಾಡ, ಏನರ ಅನು.



ಏನದು? ಸೆರಗಿನ ಗಂಟ ಯಾಕ ಬಿಚ್ಚಾಕತ್ತಿ? ನಾ ರೊಕ್ಕ ತಗೊಳಂಗಿಲ್ಲ ಅಂತ ಈಗಷ್ಟ…

ಲವಂಗ.

ಮೂರು ಲವಂಗ, ಎರಡು ಬದಾಮಿ, ಅರಿಷಿಣ ಅಕ್ಕಿಕಾಳು. ಎಲ್ಲೆ ಸಿಕ್ಕುವು ಇವು?

ಹೇಳಬೇಕಾಗಿಲ್ಲ. ನಿಮ್ಮ ಮನ್ಯಾಗ ಪೂಜಿಗಿ ಬಿಲ್ವಪತ್ರಿ ಇಡ್ತೀರಿ, ವಿಭೂತಿ ಇಡ್ತೀರಿ. ಲವಂಗ ಬದಾಮಿ ಇಡವರು ನಾವು. ಬಸದಿಯೊಳಗ ಇಡೂದನ್ನ ಚನ್ನವ್ವನ ಫೋಟೋದ ಕೆಳಗ ಯಾರ ಇಟ್ಟಿರಬೇಕು ಅಂತ ನಿನಗ ನೋಡಿದ ಕೂಡಲೆ ತಿಳದಿರಬೇಕು. ಹಂಗಾರ ಇಲ್ಲಿಗಿ ಬರೂ ಮುಂದನ ನಿನಗ ಗೊತ್ತಿತ್ತು. ಗೊತ್ತಿದ್ದೂ ಕೇಳಿದಿ, ಯಾರ ಹೇಳಿದ್ರು ಅಂತ. ನಾ ಇಷ್ಟೊತ್ತು ಹೊಳೆಪ್ಪ ಅಂದೆ, ನಮ್ಮನಿಯವರು ಅಂದೆ, ನಿನ್ನ ನಿದ್ದಿ ಅಂದೆ. ಸುಮ್ಮನ ಕೇಳಿಕೋತ ಕುಂತಿ.

ಹೌದು. ಬಂದಿದ್ದೆ. ಹೇಳ್ತೀನಿ, ಬುಡದಿಂದನ ಹೇಳ್ತೀನಿ.

ಭಾದ್ರಪದದಾಗ ನಮಗ ಹತ್ತ ದಿನ ಪರ್ವ ಇರತೈತಿ. ದಶಲಕ್ಷಣ ಪರ್ವ ಅಂತ. ಒಂದ ಹೊತ್ತು ಊಟ, ಬಸದಿ, ಪೂಜಿ. ಅದು ಮುಗದ ಮ್ಯಾಲ ಒಂದ ದಿನ, ಕ್ಷಮಾವಣಿ. ಅವತ್ತ ಎಲ್ಲಾರ ಮನಿಗಿ ಹೋಗಿ, ದೊಡ್ಡವರು ಸಣ್ಣವರು ಅನ್ನಲಾರದ ಕೈ ಮುಗದು, ವರ್ಷದಾಗ ನನ್ನಿಂದ ಗೊತ್ತಿದ್ದೋ ಗೊತ್ತಿಲ್ಲದನೋ ತಪ್ಪಾಗಿದ್ರ ಕ್ಷಮಾ ಮಾಡ್ರಿ ಅಂತ ಕೇಳೂದು. ಉತ್ತಮ ಕ್ಷಮಾ ಅನ್ನೂದು. ಯಾರ ಮ್ಯಾಲ ಸಿಟ್ಟೈತೋ ಮೊದಲ ಅವರ ಮನಿಗಿ ಹೋಗಬೇಕು. ನನಗ ಈ ವರ್ಷ ಯಾರ ಮ್ಯಾಲ ಸಿಟ್ಟಿತ್ತು? ನಿನ್ನ ಮ್ಯಾಲ. ಜಂಪರ ಹೊಲಿಯೂ ಬಾಯಿ ಅನ್ನೂದು ಎರಡ ತಿಂಗಳು ಎದಿಯಾಗ ಕುಂತಿತ್ತು. ಅದಕ್ಕ ಮೂಡಲಗಿಗಿ ಬಂದೆ. ಶುಭಾಂಗಿ ಮನಿಯೊಳಗ ಬೀಗರ ಕ್ಷಮಾ ಕೇಳಿ, ಸೀದಾ ನಿಮ್ಮ ಮನಿಗಿ. ನಿನ್ನ ಕೈ ಹಿಡದು ಕ್ಷಮಾ ಕೇಳಬೇಕಂತ ಬಂದಿದ್ದೆ, ಖರೇನ.

ನೀ ಇರಲಿಲ್ಲ. ಹಿಟ್ಟಿನ ಗಿರಣಿಗಿ ಹೋಗಿದ್ದಿ. ಬಾಗಲ ತಗದಿತ್ತು. ಪಡಸಾಲ್ಯಾಗ ಎದುರಿಗಿ ಚನ್ನವ್ವನ ಫೋಟೋ, ಹೊಸಾ ಹಾರ. ಕಣ್ಣು ನನ್ನ ಕಡೇನ ಇದ್ದುವು. ನನಗ ಅನಿಸ್ತು, ಈ ಸೊಸಿ ಗಂಟಲಾ ಬಿಗಿ ಹಿಡದದ್ದು ಯಾರು? 'ನಾ ನನ್ನ ಒಪ್ಪಿಕೊಳ್ತೀನಿ' ಅಂತ ಸೊಸಿ ತನಗ ತಾನ ಅಂದ್ಲು, ಆದರ ನೀರ ಕೇಳಿದಾಕಿ ಕ್ಷಮಾ ಮಾಡ್ಯಾಳೇನು? ಅದನ್ನ ಯಾರೂ ಕೇಳಿಲ್ಲ. ಇವತ್ತ ಕೇಳೂ ದಿನ. ಸೊಸಿ ಪರವಾಗಿ ನಾ ಕೇಳ್ತೀನಿ ಅಂತ. ನಮ್ಮ ಮಂದಿಯೊಳಗ ಮನಿಯವರ ಪರವಾಗಿ ಹಿರೇರು ಕೇಳೂದುಂಟು, ನಾ ಕಂಡೇನಿ. ಬಸದಿಯಿಂದ ತಂದಿದ್ದ ಲವಂಗ ಬದಾಮಿ ಸೆರಗಿನ್ಯಾಗಿದ್ದುವು, ಫೋಟೋದ ಕೆಳಗ ಇಟ್ಟೆ. ಕೈ ಮುಗದೆ. ಮತ್ತ ಬಾಯಿಬಿಟ್ಟು ಹೇಳಿದೆ. ನಾಕ ವರ್ಷದಿಂದ ಮಂದಿಗಿ ಬಾಯಿಬಿಟ್ಟು ಹೇಳ್ರಿ, ಮನಸಿನ್ಯಾಗ ಅಂದ್ರ ಲೆಕ್ಕಕ್ಕಿಲ್ಲ ಅಂತ ಹೇಳಿ ಹೇಳಿ, ನನ್ನ ಬಾಯಿಗಿ ಅದ ರೂಢಿ. 'ಚನ್ನವ್ವಾರ, ನೀವು ನೀರ ಕೇಳಿದ್ದು ನಿಮ್ಮ ಸೊಸಿಗಿ ಕೇಳಿಸಿದ್ರೂ ಏಳಲಿಲ್ಲ. ಅಕಿ ಗಂಟಲಿಗಿ ತಟ್ಟಿದಾಕಿ ನಾ, ಅಕಿ ಪರವಾಗಿ ಉತ್ತಮ ಕ್ಷಮಾ.' ಸಣ್ಣದು ಮಾಡಿದ್ದ ಮಾತ ಬಾಯಿಗಿ ಬಂತು. ಮೂರು ರಾತ್ರಿ ಬರಲಿಲ್ಲ.

ಫೋಟೋ ಅಂದ್ರ ಮನಷ್ಯಾ ಅಲ್ಲಲ್ಲ. ಅದಕ್ಕ ನಾ ಅಂದಿದ್ದು, ಯಾವ ಮನಷ್ಯಾರ ಮುಂದೂ ಹೇಳಿಲ್ಲ ಅಂತ.

ಅಡಗಿಮನ್ಯಾಗ ತಾಟು ಕೆಳಗ ಇಟ್ಟ ಸಪ್ಪಳ ಆತು. ಈಶ್ವರ ಉಣ್ಣಾಕ ಕುಂತಿದ್ದ. ನಾ ಹೊರಗ ಬಂದು ಬಿಟ್ಟೆ. ಅಂವ ಅದಾನ ಅಂತ ನನಗೇನ ಗೊತ್ತು? ಆ ಹೊತ್ತಿನ್ಯಾಗ ಅಂವ ತನ್ನ ಬೆಲ್ಲದ ಅಂಗಡ್ಯಾಗ ಇರಬೇಕಲ್ಲ. ದೇವರಾಣಿ, ನಾ ತಿಳಕೊಂಡಿದ್ದು ಮನ್ಯಾಗ ಯಾರೂ ಇಲ್ಲ ಅಂತ. ನೀ ಇಲ್ಲ, ಮಗಳು ಸಾಲಿಗಿ ಹೋಗ್ಯಾಳ, ಇನ್ಯಾರ ಇರತಾರ? ಬರೇ ಅಕಸ್ಮಾತ್ ಆಗಿದ್ದು. ಗ್ರಹಚಾರ.



ನನ್ನ ಮಾರಿ ಯಾಕ ನೋಡವಲ್ಲಿ? ಬಾಗಲ ಕಡೆ ಏನ ನೋಡಾಕತ್ತಿ? ಯಾರೂ ಬಂದಿಲ್ಲ. ಹೊಚ್ಚಲ ನೋಡ್ತಿಯಲ್ಲ… ನಿನ್ನ ಚಪ್ಪಲಿ ಅಲ್ಲೇ ಅದಾವು, ಯಾರೂ ಒಯ್ಯಂಗಿಲ್ಲ.

ಚಪ್ಪಲಿ.

ಹಾಂ…

ನಿಮ್ಮ ಮನ್ಯಾಗ ಅಂವ ಯಾವಾಗ್ಲೂ ಅಲ್ಲೇ ಬಿಡ್ತಾನ, ಹೊಚ್ಚಲದ ಎಡಕ್ಕ. ಬೆಲ್ಲದ ಅಂಟು ಹತ್ತಿದ ಚಪ್ಪಲಿ, ನೊಣ ಮುಕರಿರತಾವು. ನೀನ ಒಮ್ಮೆ ಹೇಳಿದ್ದಿ, ಗಂಡ ಮನ್ಯಾಗ ಅದಾನೋ ಇಲ್ಲೋ ಅನ್ನೂದು ಒಳಗ ಹೋಗೂ ಮೊದಲನ ನೊಣ ಹೇಳ್ತಾವ ಅಂತ. ಇಬ್ಬರೂ ನಕ್ಕಿದ್ವಿ.

ಅವತ್ತ ನೊಣ ಇದ್ದುವು.

ಕೈ ಹಿಂದ ಸರಸಬ್ಯಾಡ, ನಿನ್ನ ಕೈ ಕೇಳಾಕತ್ತಿಲ್ಲ. ನನ್ನ ಕೈ ನಾನ ತಟ್ಟಿಕೊಳ್ತೀನಿ. ಕಿರಿಬೆರಳಿನ ಕೆಳಗ. ಈ ಸಲ ಸಣ್ಣದು ಮಾಡಂಗಿಲ್ಲ, ಪೂರ್ತಿ ಹೇಳ್ತೀನಿ.

ಹೊಚ್ಚಲದಾಗ ಈಶ್ವರನ ಚಪ್ಪಲಿ ನೋಡಿದ್ರೂ, ಅಂವ ಒಳಗ ಉಣ್ಣಾಕ ಕುಂತಾನ ಅಂತ ಗೊತ್ತಿದ್ರೂ, ತನ್ನ ಹೆಂಡತಿ ಗಂಟಲಾ ಬಿಡಿಸಿದಾಕಿ ನಾನು, ಮಠದ ಅಂಗಾರ ಅಲ್ಲ, ನಾ ಜಂಪರ ಹೊಲಿಯೂ ಬಾಯಿ ಅಲ್ಲ ಅನ್ನೂದು ಅವಗ ಗೊತ್ತಾಗಲಿ ಅಂತನ, ನಾ ದನಿ ಎತ್ತಿ ಹೇಳಿದೆ. ಆದರೂ…

ಆದರೂ…

ಮುಂದಿಂದು ಬರವಲ್ದು, ತಂಗಿ. ಎಷ್ಟ ಮಂದಿ ಕಡೆಯಿಂದ ಅನಿಸೇನಿ ಅದನ್ನ. ನನ್ನ ಬಾಯಿಗಿ ಬರವಲ್ದು.

ಸೋಮವಾರ ನಾ ಮೂಡಲಗಿಗಿ ಬರ್ತೀನಿ. ಮಾಲಿಂಗಪ್ಪ ಕಾಕಾನ ಮುಂದ, ಈಶ್ವರನ ಮುಂದ, ನಿನ್ನ ಮಾತು ಪೂರ್ತಿ ಹೇಳ್ತೀನಿ. ಎರಡೂವರಿ ವರ್ಷ, ಮೂರು ರಾತ್ರಿ, ಎಲ್ಲಾ. ನಂದೂ ಹೇಳ್ತೀನಿ, ಚಪ್ಪಲಿ ಸಹಿತ. ಅದರಿಂದ ನಿನಗ ನೆಟ್ಟಗಾಗತೈತೋ ಇನ್ನಷ್ಟ ಕೆಡತೈತೋ, ಅದು ನನಗ ಗೊತ್ತಿಲ್ಲ. ಬಾ ಅಂದ್ರ ಬರ್ತೀನಿ. ಬ್ಯಾಡ ಅಂದ್ರ…

ಎದ್ದಿ?

ತಂಬಿಗಿ ಹಂಗ ಉಳೀತಲ್ಲ. ಬಾಯಿತನಕ ಒಯ್ದಿ, ನಾ ನೋಡಿದೆ. ಮತ್ತ ಕೆಳಗ ಇಟ್ಟಿ. ಮತ್ತ ಇಳಿಯಂಗಿಲ್ಲೇನು ನೀರು? ಅವತ್ತಿನಿಂದ? ಒಂದ ಗುಟಕ ನೋಡು. ಚಮಚ ತರ್ತೀನಿ ತಡಿ. ರಾಜೇಶ್ವರಿ… ಚೀಲಾ ಇಲ್ಲೇ ಬಿಟ್ಟ ಹೊಂಟಿ. ರಾಜೇಶ್ವರಿ…

ಕೇಳಿಸೇತಿ ನಿನಗ. ನನಗ ಗೊತ್ತೈತಿ, ಕೇಳಿಸೇತಿ.

ಹೋಗು. ಕೇಳಿಸಿದ್ರೂ ನಿಂದ್ರಬ್ಯಾಡ.